ಬಂಡಾಯ ಬೇಡ ಅಂದವನ ಕಾದಂಬರಿಗಳು ಬಂಡಾಯಕ್ಕೆ ಕಿಚ್ಚು ಹಚ್ಚಿದ್ದು ಹೇಗೆ?

ಕಾದಂಬರಿಪ್ರಿಯ ಕೇಳಿದ್ದು:

ಫಿಲಿಪೀನ್ಸ್‌ನ ಲೇಖಕ ಹೊಸೆ ರಿಸಾಲ್ ಬರೆದ ಎರಡೂ ಕಾದಂಬರಿಗಳನ್ನು ಇಂಗ್ಲಿಷ್ ಅನುವಾದದಲ್ಲಿ ಓದಿ ಮುಗಿಸಿದೆ. ಮೊದಲು 1887ರ ‘ನೋಲಿ ಮೆ ತಾಂಗೆರೆ’, ಅದರ ಬೆನ್ನಿಗೇ 1891ರ ‘ಎಲ್ ಫಿಲಿಬುಸ್ತೆರಿಸ್ಮೊ’. ಎರಡೂ ಇನ್ನೂ ತಲೆಯಿಂದ ಇಳಿದಿಲ್ಲ. ಆದರೆ ಒಂದು ವಿಷಯ ಬಗೆಹರಿಯುತ್ತಿಲ್ಲ, ಗೊತ್ತಿರುವವರು ದಯವಿಟ್ಟು ಹೇಳಿ.

ಫಿಲಿಪೀನ್ಸ್ ಜನ ಸ್ಪೇನ್ ವಿರುದ್ಧ ದಂಗೆ ಏಳಲು ಈ ಎರಡು ಪುಸ್ತಕಗಳೇ ಪ್ರೇರಣೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ನಾವು ಬಿ. ವೆಂಕಟಾಚಾರ್ಯರ ಕನ್ನಡದಲ್ಲಿ ಬಂಕಿಮರ ‘ಆನಂದಮಠ’ ಓದಿಕೊಂಡು ಬಂದವರು. ಅಲ್ಲಿ ಸನ್ಯಾಸಿಗಳು ಆಯುಧ ಹಿಡಿದು ಹೊರಡುತ್ತಾರೆ, ಹಾಡುತ್ತಾರೆ, ಕಾದಾಡುತ್ತಾರೆ. ಇಲ್ಲಿ ಅಂಥದ್ದೇನೂ ಇಲ್ಲ. ‘ನೋಲಿ’ಯ ನಾಯಕ ಇಬಾರ್ರಾ ಕೇಳುವುದು ಊರಿಗೊಂದು ಶಾಲೆ, ಅಷ್ಟೇ. ಎರಡನೇ ಕಾದಂಬರಿಯಲ್ಲಿ ಅದೇ ಇಬಾರ್ರಾ ಸಿಮೂನ್ ಅನ್ನುವ ಒಡವೆ ವ್ಯಾಪಾರಿಯ ವೇಷದಲ್ಲಿ ವಾಪಸ್ ಬಂದು, ಮದುವೆ ಮನೆಗೆ ಸ್ಫೋಟಕ ತುಂಬಿದ ದೀಪ ತಂದಿಡುತ್ತಾನೆ, ಅಷ್ಟರಲ್ಲಿ ಇಸಗಾನಿ ಅನ್ನುವ ಹುಡುಗ ಒಳಗೆ ನುಗ್ಗಿ ಆ ದೀಪವನ್ನೇ ಎತ್ತಿ ನದಿಗೆ ಎಸೆದುಬಿಡುತ್ತಾನೆ. ಸಿಮೂನ್ ವಿಷ ಕುಡಿದು ಸಾಯುತ್ತಾನೆ. ಅವನ ಪಕ್ಕದಲ್ಲಿ ಕೂತ ಪಾದ್ರಿ ಫ್ಲೊರೆಂತಿನೊ ಕೇಳುವುದೇನು ಗೊತ್ತಾ? ಇವತ್ತಿನ ಗುಲಾಮರೇ ನಾಳೆ ದಬ್ಬಾಳಿಕೆ ಮಾಡುವುದಾದರೆ ಸ್ವಾತಂತ್ರ್ಯ ಯಾಕೆ ಬೇಕು ಅಂತ.

ಅದೂ ಅಲ್ಲದೆ 1896ರಲ್ಲಿ ನಿಜವಾಗಿಯೂ ದಂಗೆ ಶುರುವಾದಾಗ ರಿಸಾಲ್ ಸೆರೆಯಲ್ಲಿ ಕೂತು ಅದನ್ನು ಖಂಡಿಸಿ ಹೇಳಿಕೆ ಬರೆದ. ಪುಸ್ತಕಗಳೋ ಸ್ಪ್ಯಾನಿಷ್‌ನಲ್ಲಿ. ಆ ಕಾಲದ ಫಿಲಿಪೀನ್ಸ್‌ನಲ್ಲಿ ಸ್ಪ್ಯಾನಿಷ್ ಓದಬಲ್ಲವರು ಬೆರಳೆಣಿಕೆಯ ವಿದ್ಯಾವಂತರು. ಹೊಲದಲ್ಲಿ ದುಡಿಯುವವನಿಗೆ, ಗೋದಾಮಿನ ಕೂಲಿಗೆ ಈ ಪುಸ್ತಕ ತಲುಪಿದ್ದು ಹೇಗೆ? ತಲುಪಿದರೂ, ಬಂಡಾಯ ಬೇಡ ಅನ್ನುವ ಕಥೆ ಓದಿ ಬಂಡಾಯ ಏಳುತ್ತಾರಾ? ಇದು ಆಮೇಲೆ ಕಟ್ಟಿದ ಪುರಾಣವೋ ಅಥವಾ ನನಗೆ ಕಾಣದೆ ಹೋದದ್ದು ಏನಾದರೂ ಇದೆಯೋ?

---

ನಿವೃತ್ತ ಇತಿಹಾಸ ಮೇಷ್ಟ್ರು:

ಒಳ್ಳೆಯ ಪ್ರಶ್ನೆ. ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ‘ನೋಲಿ’ ದಂಗೆ ಏಳಿ ಅನ್ನುವುದಿಲ್ಲ, ನಿಜ. ಆದರೆ ದಂಗೆ ಬಿಟ್ಟು ಉಳಿದ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿ, ಪ್ರತಿಯೊಂದೂ ಮುಚ್ಚಿದೆ ಅಂತ ತೋರಿಸುತ್ತದೆ. ಹೀಗೆ ತೋರಿಸುವುದು ಘೋಷಣೆ ಕೂಗುವುದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಇಬಾರ್ರಾನ ದಾರಿ ನೋಡಿ. ಏಳು ವರ್ಷ ಯುರೋಪಿನಲ್ಲಿದ್ದು ಬಂದವನು. ಹಣವಂತ, ಸ್ಪ್ಯಾನಿಷ್ ರಕ್ತವೂ ಇದೆ, ಸರ್ಕಾರದ ಮೇಲೆ ನಂಬಿಕೆ ಇದೆ. ಅಪ್ಪ ಹೇಗೆ ಸತ್ತ ಅನ್ನುವುದೇ ಅವನಿಗೆ ಗೊತ್ತಿಲ್ಲ. ಆ ಅಪ್ಪ ಒಬ್ಬ ಹುಡುಗನನ್ನು ಹೊಡೆಯುತ್ತಿದ್ದ ತೆರಿಗೆ ವಸೂಲಿಗಾರನನ್ನು ತಡೆಯಲು ಹೋಗಿರುತ್ತಾನೆ, ಆ ಮನುಷ್ಯ ಬಿದ್ದು ತಲೆಗೆ ಪೆಟ್ಟಾಗಿ ಸಾಯುತ್ತಾನೆ, ಅಷ್ಟು ಸಾಕು, ಆಗದವರೆಲ್ಲ ಒಟ್ಟಾಗಿ ಧರ್ಮದ್ರೋಹಿ, ದೇಶದ್ರೋಹಿ ಅಂತೆಲ್ಲ ದೂರು ಕೊಟ್ಟು ಅವನು ಜೈಲಿನಲ್ಲೇ ಕೊನೆಯುಸಿರು ಬಿಡುವ ಹಾಗೆ ಮಾಡುತ್ತಾರೆ. ಹೂತ ಹೆಣವನ್ನೂ ಬಿಡುವುದಿಲ್ಲ. ಪಾದ್ರೆ ದಾಮಾಸೊ ಅದನ್ನು ಅಗೆಸಿ ಚೀನಿಯರ ಸ್ಮಶಾನಕ್ಕೆ ಸಾಗಿಸಲು ಹೇಳುತ್ತಾನೆ. ಮಳೆ ಸುರಿಯುತ್ತಿದೆ, ಹೆಣ ಭಾರ. ಗೋರಿ ಅಗೆಯುವವನು ಅದನ್ನು ಕೆರೆಗೆ ಎಸೆದು ಹೋಗುತ್ತಾನೆ.

ಇಷ್ಟು ತಿಳಿದ ಮೇಲೂ ಇಬಾರ್ರಾ ಸೇಡು ಬೇಡ, ಶಾಲೆ ಕಟ್ಟೋಣ ಅನ್ನುತ್ತಾನೆ. ಊರಿನ ಮೇಷ್ಟರನ್ನು ಮಾತಾಡಿಸುತ್ತಾನೆ. ನಾನು ಮೇಷ್ಟ್ರಾಗಿದ್ದವನು, ಆ ಅಧ್ಯಾಯ ನನ್ನನ್ನು ತುಂಬಾ ಕಾಡಿತು. ಪಾಠ ನಡೆಯುವುದು ಪಾದ್ರಿ ಮನೆಯ ಕೆಳಗೆ, ಅವನ ಸಾರೋಟು ನಿಲ್ಲಿಸುವ ಜಾಗದ ಪಕ್ಕ. ಮಕ್ಕಳು ಜೋರಾಗಿ ಓದಿದರೆ ಮೇಲಿನಿಂದ ಬೈಗುಳ. ಮೇಷ್ಟ್ರು ಮಕ್ಕಳಿಗೆ ಸ್ಪ್ಯಾನಿಷ್ ಕಲಿಸಲು ಹೊರಟರೆ ಪಾದ್ರಿಗೆ ಕೋಪ, ನಿನ್ನ ಭಾಷೆಯಲ್ಲೇ ಬಿದ್ದಿರು ಅಂತ ಗದರುತ್ತಾನೆ. ಬೆತ್ತ ಬಿಟ್ಟು ಪಾಠ ಮಾಡಿದರೂ ತಪ್ಪು, ಮತ್ತೆ ಬೆತ್ತ ಹಿಡಿಸುತ್ತಾನೆ. ಮುನ್ನೂರು ವರ್ಷ ಆಳಿದ ಸ್ಪೇನ್ ತನ್ನ ಭಾಷೆಯನ್ನೂ ಆ ಜನಕ್ಕೆ ಕೊಡಲು ಒಪ್ಪಲಿಲ್ಲ. ಜನಕ್ಕೆ ಸ್ಪ್ಯಾನಿಷ್ ಬಂದರೆ ಅವರು ನೇರವಾಗಿ ಮನಿಲಾದ ಅಧಿಕಾರಿ ಹತ್ತಿರ ದೂರು ಹೇಳಬಹುದು, ನಡುವೆ ಪಾದ್ರಿ ಬೇಕಾಗುವುದಿಲ್ಲ. ಗವರ್ನರ್‌ಗಳು ಕೆಲವು ವರ್ಷ ಇದ್ದು ಹೋಗುವವರು, ಪಾದ್ರಿ ಮಾತ್ರ ಆ ಊರಲ್ಲೇ ಬೇರು ಬಿಟ್ಟವನು. ಶಾಲೆಯ ಮೇಲ್ವಿಚಾರಣೆ ಅವನದು, ಯಾರ ನಡತೆ ಹೇಗೆ ಅಂತ ಸರ್ಟಿಫಿಕೇಟ್ ಕೊಡುವುದೂ ಅವನೇ.

ಆಮೇಲೆ ನಡೆಯುವುದು ನಿಮಗೆ ಗೊತ್ತು. ಶಾಲೆಗೆ ಅಡಿಗಲ್ಲು ಹಾಕುವಾಗ ಕಲ್ಲೆತ್ತುವ ಯಂತ್ರ ಕುಸಿಯುತ್ತದೆ, ಅದು ಇಬಾರ್ರಾನನ್ನು ಕೊಲ್ಲಲು ಮಾಡಿದ ಏರ್ಪಾಡು. ಊಟದ ಮನೆಯಲ್ಲಿ ದಾಮಾಸೊ ಸತ್ತ ಅಪ್ಪನನ್ನು ಹೀಯಾಳಿಸುತ್ತಾನೆ, ಇಬಾರ್ರಾ ಚಾಕು ಎತ್ತುತ್ತಾನೆ, ಬಹಿಷ್ಕಾರ ಬೀಳುತ್ತದೆ. ಕೊನೆಗೆ ಪಾದ್ರೆ ಸಾಲ್ವಿ ಸುಳ್ಳು ದಂಗೆಯೊಂದನ್ನು ಹುಟ್ಟಿಸಿ ಅದರ ಮುಖಂಡ ಇವನೇ ಅಂತ ಹೆಸರು ಹಚ್ಚುತ್ತಾನೆ. ದಂಗೆಯ ಯೋಚನೆಯೇ ಇಲ್ಲದವನನ್ನು ಸರ್ಕಾರವೇ ದಂಗೆಕೋರ ಮಾಡಿತು. 1887ರಲ್ಲಿ ಇದನ್ನು ಓದಿದ ಫಿಲಿಪಿನೊ ತನ್ನ ಊರಿನ ನಾಲ್ಕೈದು ಹೆಸರುಗಳನ್ನು ಅಲ್ಲಿ ಕೂರಿಸಿ ನೋಡಿಕೊಳ್ಳಬಹುದಿತ್ತು.

ಇನ್ನು ‘ಆನಂದಮಠ’ದ ಮಾತು. ಅದರ ಕೊನೆಯಲ್ಲೂ ಒಬ್ಬ ವೈದ್ಯ ಬಂದು ಸದ್ಯಕ್ಕೆ ಇಂಗ್ಲಿಷರೇ ಆಳಲಿ ಅನ್ನುತ್ತಾನೆ, ಮರೆಯಬೇಡಿ. ಓದಿದ ಜನ ಆ ಮಾತನ್ನು ಹಿಡಿದುಕೊಳ್ಳಲಿಲ್ಲ. ಕಾದಂಬರಿಕಾರ ಎಲ್ಲಿ ನಿಲ್ಲಿಸುತ್ತಾನೋ ಓದುಗ ಅಲ್ಲೇ ನಿಲ್ಲಬೇಕು ಅಂತೇನೂ ಇಲ್ಲ.

---

ತೀರ್ಥಹಳ್ಳಿ ಓದುಗಿ:

ಮೇಷ್ಟ್ರು ಹೇಳಿದ್ದು ಸರಿ, ಆದರೆ ಅದು ತಲೆಗೆ ಸಂಬಂಧಿಸಿದ ವಿವರಣೆ. ನನ್ನ ಪ್ರಕಾರ ‘ನೋಲಿ’ ಜನರ ಬಾಯಿಗೆ ಬಿದ್ದಿದ್ದು ಸಿಸಾಳಿಂದ. ಇಬಾರ್ರಾ ಶ್ರೀಮಂತ, ಅವನ ಕಷ್ಟ ದೊಡ್ಡವರ ಕಷ್ಟ. ಸಿಸಾ ಯಾರ ಮನೆಯಲ್ಲಾದರೂ ಇರಬಹುದಾದ ತಾಯಿ.

ಅವಳಿಗೆ ಇಬ್ಬರು ಗಂಡುಮಕ್ಕಳು, ಬಸಿಲಿಯೊ ಮತ್ತು ಕ್ರಿಸ್ಪಿನ್. ಇಬ್ಬರೂ ಚರ್ಚಿನಲ್ಲಿ ಗಂಟೆ ಹೊಡೆಯುವ ಕೆಲಸಕ್ಕಿದ್ದಾರೆ. ಗಂಡ ಜೂಜುಕೋರ, ಕೈ ಮಾಡುವವನು. ಆ ರಾತ್ರಿ ಮಕ್ಕಳು ಮನೆಗೆ ಬರುತ್ತಾರೆ ಅಂತ ಸಿಸಾ ಅಡುಗೆ ಮಾಡಿ ಕಾಯುತ್ತಾಳೆ. ಒಣಮೀನು, ಹಿತ್ತಲಿನ ಟೊಮೆಟೊ, ತಾಸಿಯೊ ಮುದುಕ ಕೊಟ್ಟ ಕಾಡುಹಂದಿ ಮಾಂಸ, ಬಾತುಕೋಳಿಯ ಒಂದು ಕಾಲು. ಅವಳ ಬದುಕಿಗೆ ಅದೇ ಹಬ್ಬದೂಟ. ಅಷ್ಟರಲ್ಲಿ ಗಂಡ ಬಂದು ಕೂತು ಬಹುಪಾಲು ತಿಂದು ಎದ್ದು ಹೋಗುತ್ತಾನೆ. ಅವಳು ಅಳುತ್ತಾಳೆ, ಆಮೇಲೆ ಕಣ್ಣೊರೆಸಿಕೊಂಡು ಉಳಿದಿದ್ದನ್ನು ಮತ್ತೆ ಬೇಯಿಸಲು ಶುರು ಮಾಡುತ್ತಾಳೆ.

ಅದೇ ಹೊತ್ತಿಗೆ ಗಂಟೆ ಗೋಪುರದಲ್ಲಿ ಆ ಹುಡುಗರ ಮಾತು. ಕ್ರಿಸ್ಪಿನ್ ಎರಡು ಚಿನ್ನದ ನಾಣ್ಯ ಕದ್ದ ಅಂತ ಆರೋಪ. ಎರಡು ನಾಣ್ಯ ಅಂದರೆ 32 ಪೆಸೊ. ಅವರಿಗೆ ಸಿಗುವ ಸಂಬಳ ತಿಂಗಳಿಗೆ 2 ಪೆಸೊ, ಅದರಲ್ಲೂ ದಂಡ ಮುರಿದುಕೊಳ್ಳುತ್ತಾರೆ. ದುಡ್ಡು ಕಟ್ಟಿಬಿಡೋಣ ಅಣ್ಣ ಅಂತ ಚಿಕ್ಕವನು ಗೋಗರೆಯುತ್ತಾನೆ. ಪಾಪ, ಆ ಮಗುವಿಗೆ ಲೆಕ್ಕವೇ ಗೊತ್ತಿಲ್ಲ. ಆಮೇಲೆ ಅವನನ್ನು ಮೆಟ್ಟಿಲುಗಳ ಮೇಲೆ ಎಳೆದುಕೊಂಡು ಹೋಗುತ್ತಾರೆ, ಅವನು ಮತ್ತೆ ಕಾಣಿಸುವುದೇ ಇಲ್ಲ.

ಮಾರನೇ ದಿನ ಸಿಪಾಯಿಗಳು ಬಂದು ಕಳ್ಳರ ತಾಯಿ ಅಂತ ಸಿಸಾಳನ್ನು ಹಿಡಿದು, ಇಬ್ಬರ ನಡುವೆ ಊರ ಬೀದಿಯಲ್ಲಿ ನಡೆಸುತ್ತಾರೆ. ಜನ ನೋಡುತ್ತಾರೆ. ಅಲ್ಲಿಂದ ಅವಳ ಬುದ್ಧಿ ಕೆಡುತ್ತಾ ಹೋಗುತ್ತದೆ.

ಈ ಭಾಗವನ್ನು ರಿಸಾಲ್ ಸುಮ್ನೆ ಕಲ್ಪಿಸಿ ಬರೆದದ್ದಲ್ಲ ಅನ್ನುವುದು ನನ್ನ ನಂಬಿಕೆ. 1871ರಲ್ಲಿ ಅವನ ತಾಯಿ ತೆಯೊದೋರಾ ಅಲೊನ್ಸೊ ಮೇಲೆ ಸುಳ್ಳು ಆರೋಪ ಹೊರಿಸಿ, ಕಲಾಂಬಾದಿಂದ ಸಾಂತಾ ಕ್ರೂಸ್ ಊರಿನ ಜೈಲಿನವರೆಗೆ ಸುಮಾರು 50 ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಕರೆದುಕೊಂಡು ಹೋದರು. ಎರಡು ವರ್ಷಕ್ಕಿಂತ ಜಾಸ್ತಿ ಜೈಲಿನಲ್ಲಿಟ್ಟರು. ಆಗ ರಿಸಾಲ್‌ಗೆ ಹತ್ತು ವರ್ಷ. ತಾಯಿಯನ್ನು ಸಿಪಾಯಿಗಳ ನಡುವೆ ನಡೆಸಿಕೊಂಡು ಹೋದದ್ದನ್ನು ಮಗ ಮರೆಯುತ್ತಾನಾ? ಹದಿನಾರು ವರ್ಷ ಆದಮೇಲೆ ಬರ್ಲಿನ್‌ನಲ್ಲಿ ಅಚ್ಚಾದ ಪುಸ್ತಕದಲ್ಲಿ ಆ ನಡಿಗೆ ಇದೆ.

ನೀವು ಓದು ಬರದವರಿಗೆ ತಲುಪಿದ್ದು ಹೇಗೆ ಅಂತ ಕೇಳಿದಿರಿ. ಸಿಸಾಳ ಕಥೆ ತಿಳಿಯಲು ಪುಸ್ತಕ ಓದಬೇಕಿಲ್ಲ, ಓದಿದವರೊಬ್ಬರು ಹೇಳಿದರೆ ಸಾಕು.

---

ರೈತನ ಮಗ:

ಎಲ್ಲರೂ ‘ನೋಲಿ’ಯಲ್ಲೇ ನಿಂತಿದ್ದೀರಿ. ಎರಡನೇ ಕಾದಂಬರಿಯ ಸಿಮೂನ್, ದೀಪ, ಸ್ಫೋಟ ಎಲ್ಲ ಓದಲು ರೋಚಕ, ಆದರೆ ನನಗೆ ಆ ಪುಸ್ತಕದ ಜೀವ ಇರುವುದು ಕಬೆಸಾಂಗ್ ತಾಲೆಸ್ ಅನ್ನುವ ರೈತನ ಕಥೆಯಲ್ಲಿ. ಅಲ್ಲಿ ಜಮೀನಿನ ಪ್ರಶ್ನೆ ಇದೆ. ರೊಟ್ಟಿಯ ಪ್ರಶ್ನೆ ಇಲ್ಲದೆ ಯಾವ ದೇಶದಲ್ಲೂ ಜನ ಬೀದಿಗೆ ಇಳಿದಿಲ್ಲ.

ತಾಲೆಸ್ ಹೆಂಡತಿ ಮಕ್ಕಳ ಜೊತೆ ಕಾಡು ಕಡಿದು ಗದ್ದೆ ಮಾಡುತ್ತಾನೆ. ಆ ಕೆಲಸದಲ್ಲೇ ಹೆಂಡತಿ ಮತ್ತು ದೊಡ್ಡ ಮಗಳು ಜ್ವರ ಬಂದು ಸಾಯುತ್ತಾರೆ. ಮೊದಲ ಬೆಳೆ ಕೈಗೆ ಬರುವ ಹೊತ್ತಿಗೆ ಮಠದ ಪಾದ್ರಿಗಳು ಬಂದು ಜಮೀನು ನಮ್ಮದು ಅನ್ನುತ್ತಾರೆ. ಮೊದಲು ಕೇಳುವುದು 20-30 ಪೆಸೊ ಗೇಣಿ. ಅವನು ಒಳ್ಳೆಯವನು, ಜಗಳ ಯಾಕೆ ಅಂತ ಕೊಡುತ್ತಾನೆ. ಮುಂದಿನ ವರ್ಷ ಜಾಸ್ತಿ, ಅದರ ಮುಂದಿನ ವರ್ಷ ಇನ್ನೂ ಜಾಸ್ತಿ, ಹೀಗೆ 200 ಪೆಸೊವರೆಗೆ ಹೋಗುತ್ತದೆ. ಆಗ ತಾಲೆಸ್ ನನ್ನ ಹೆಂಡತಿ ಮಗಳು ಮಣ್ಣಾದ ಜಾಗ ಇದು, ಇಲ್ಲಿ ಬೆವರು ಸುರಿಸಿದವನು ಬಂದು ಕೇಳಲಿ ಕೊಡುತ್ತೇನೆ ಅಂತ ನಿಂತುಬಿಡುತ್ತಾನೆ. ಕೋರ್ಟಿಗೆ ಹೋಗುತ್ತಾನೆ. ಕೋರ್ಟು ಪಾದ್ರಿಗಳ ಪರ. ಕೊನೆಗೆ ಅವನು ಸಿಮೂನ್‌ನ ಪಿಸ್ತೂಲು ಎತ್ತಿಕೊಂಡು ಡಕಾಯಿತರನ್ನು ಸೇರಿಕೊಳ್ಳುತ್ತಾನೆ.

ಆ ಅಧ್ಯಾಯದ ಕೊನೆಯಲ್ಲಿ ರಿಸಾಲ್ ಕಥೆಯನ್ನು ನಿಲ್ಲಿಸಿ ಕಲಾಂಬಾದ ಜನರ ಕಡೆ ನೇರವಾಗಿ ತಿರುಗುತ್ತಾನೆ. ನಿಮ್ಮಲ್ಲಿ ಯಾರ ಹೆಸರೂ ತಾಲೆಸ್ ಅಲ್ಲ, ನಿಮ್ಮಲ್ಲಿ ಯಾರೂ ಈ ಅಪರಾಧ ಮಾಡಿಲ್ಲ, ಸಮಾಧಾನವಾಗಿರಿ ಅಂತ ಹೇಳಿ, ನಿಜವಾದ ರೈತರ ಹೆಸರುಗಳನ್ನು ಸಾಲಾಗಿ ಬರೆಯುತ್ತಾನೆ. ಆ ಸಾಲಿನಲ್ಲಿ ಅವನ ಸ್ವಂತ ಅಣ್ಣ ಪಾಸಿಯಾನೊ ಇದ್ದಾನೆ. ಅಕ್ಕಂದಿರ ಗಂಡಂದಿರಾದ ಸಿಲ್ವೆಸ್ತ್ರೆ ಉಬಾಲ್ದೊ, ಮಾನುವೆಲ್ ಹಿದಾಲ್ಗೊ ಇದ್ದಾರೆ. ಕಾದಂಬರಿಯ ನಡುವೆ ಹೀಗೆ ಹೆಸರು ಹಿಡಿದು ಕರೆಯುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಓದುವಾಗ ಮೈ ಜುಂ ಅಂದಿತು.

ಯಾಕೆ ಹಾಗೆ ಮಾಡಿದ? ಕಲಾಂಬಾದ ಜಮೀನೆಲ್ಲ ಡೊಮಿನಿಕನ್ ಪಂಥದ ಪಾದ್ರಿಗಳದ್ದು. ರಿಸಾಲ್ ಮನೆಯವರೂ ಅವರ ಗೇಣಿದಾರರೇ. ‘ನೋಲಿ’ ಬಂದ ವರ್ಷ ರಿಸಾಲ್ ಊರಿಗೆ ಬಂದಿದ್ದಾಗ, ಗೇಣಿ ಬಗ್ಗೆ ಸರ್ಕಾರಕ್ಕೆ ವರದಿ ಬರೆಯಲು ರೈತರಿಗೆ ನೆರವಾದ. ಅಲ್ಲಿಂದ ತಿಕ್ಕಾಟ ಜೋರಾಯಿತು. ಕೊನೆಗೆ ಗವರ್ನರ್ ಜನರಲ್ ವೇಯ್ಲರ್ ಸೈನಿಕರನ್ನು ಕಳಿಸಿ ಗೇಣಿದಾರರನ್ನು ಒಕ್ಕಲೆಬ್ಬಿಸಿದ. ರಿಸಾಲ್ ಮನೆಯವರೂ ಮನೆ ಕಳೆದುಕೊಂಡರು, ಅಣ್ಣನನ್ನೂ ಭಾವಂದಿರನ್ನೂ ಗಡಿಪಾರು ಮಾಡಿದರು. ಇದಾದ ಮೇಲೆ ಅಚ್ಚಾದ ಪುಸ್ತಕ ‘ಎಲ್ ಫಿಲಿಬುಸ್ತೆರಿಸ್ಮೊ’. ಎರಡು ಪುಸ್ತಕಗಳ ನಡುವಿನ ನಾಲ್ಕು ವರ್ಷದಲ್ಲಿ ಆ ಮನುಷ್ಯನಿಗೆ ಏನಾಯಿತು ಅಂತ ತಿಳಿದುಕೊಂಡು ಓದಿದರೆ ಎರಡನೇದು ಯಾಕೆ ಅಷ್ಟು ಕಹಿ ಅಂತ ಅರ್ಥವಾಗುತ್ತದೆ.

---

ದಾವಾವ್‌ನಲ್ಲಿ ಮೆಡಿಕಲ್ ಓದುತ್ತಿರುವವ:

ನಾನು ಇಲ್ಲೇ ಫಿಲಿಪೀನ್ಸ್‌ನಲ್ಲಿ ಓದುತ್ತಿದ್ದೇನೆ, ದಾವಾವ್ ನಗರದಲ್ಲಿ. ಇಲ್ಲಿ ರಿಸಾಲ್ ಪ್ರತಿಮೆ ಇಲ್ಲದ ಊರು ಸಿಗುವುದು ಕಷ್ಟ. ‘ನೋಲಿ’ ಒಂಬತ್ತನೇ ತರಗತಿಗೆ, ‘ಫಿಲಿ’ ಹತ್ತನೇ ತರಗತಿಗೆ ಪಾಠ. ಬಾಡಿಗೆ ಮನೆಯವರ ಮಗಳು ಸಿಸಾ ಪಾತ್ರ ಮಾಡಬೇಕು ಅಂತ ವರಾಂಡದಲ್ಲಿ ಬಸಿಲಿಯೊ, ಕ್ರಿಸ್ಪಿನ್ ಅಂತ ಕೂಗಿ ಕೂಗಿ ಅಭ್ಯಾಸ ಮಾಡುತ್ತಿದ್ದಳು. ಹುಚ್ಚು ಹಿಡಿದ ತಾಯಿ ಮಕ್ಕಳನ್ನು ಹುಡುಕುವ ದೃಶ್ಯ ಇಲ್ಲಿ ಶಾಲೆ ಓದಿದ ಎಲ್ಲರಿಗೂ ಗೊತ್ತು.

ಪುಸ್ತಕ ಹರಡಿದ ಬಗ್ಗೆ ಇಲ್ಲಿನವರಿಂದ ಕೇಳಿ, ಆಮೇಲೆ ಓದಿ ತಿಳಿದುಕೊಂಡದ್ದು ಹೇಳುತ್ತೇನೆ. ‘ನೋಲಿ’ ಅಚ್ಚಾಗಿದ್ದು 2,000 ಪ್ರತಿ. ರಿಸಾಲ್ ಹತ್ತಿರ ದುಡ್ಡಿರಲಿಲ್ಲ, ಮಾಕ್ಸಿಮೊ ವಿಯೋಲಾ ಅನ್ನುವ ಸ್ನೇಹಿತ 300 ಪೆಸೊ ಕೊಟ್ಟ. ಖರ್ಚು ಉಳಿಸಲು ಒಂದು ಇಡೀ ಅಧ್ಯಾಯವನ್ನೇ ಕೈಬಿಟ್ಟ. ಎರಡನೇ ಪುಸ್ತಕ ಬೆಲ್ಜಿಯಂನ ಗೆಂಟ್ ಊರಿನಲ್ಲಿ ಅಚ್ಚಾಯಿತು, ಅದಕ್ಕೂ ವಾಲೆಂತಿನ್ ವೆಂತುರಾ ಅನ್ನುವ ಇನ್ನೊಬ್ಬ ಸ್ನೇಹಿತನೇ ದುಡ್ಡು ಕೊಟ್ಟ. ಎರಡು ಸಾವಿರ ಪ್ರತಿಯಲ್ಲಿ ಒಂದು ದೇಶ ಎದ್ದು ನಿಲ್ಲುತ್ತದಾ ಅಂತ ಯಾರಿಗಾದರೂ ಅನ್ನಿಸುತ್ತದೆ.

ಪುಸ್ತಕಕ್ಕೆ ದೊಡ್ಡ ಪ್ರಚಾರ ಕೊಟ್ಟವರು ಪಾದ್ರಿಗಳೇ. ಮನಿಲಾದ ಸಾಂತೊ ತೊಮಾಸ್ ವಿಶ್ವವಿದ್ಯಾಲಯದ ಸಮಿತಿ ಇದು ಧರ್ಮವಿರೋಧಿ ಪುಸ್ತಕ ಅಂತ ವರದಿ ಕೊಟ್ಟಿತು. ಸೆನ್ಸಾರ್ ಮಂಡಳಿಯ ಪಾದ್ರಿ ಸಾಲ್ವದೋರ್ ಫೋಂತ್ ನಿಷೇಧಿಸಿ ಅಂದ. ಹೊಸೆ ರೊದ್ರಿಗೆಸ್ ಅನ್ನುವ ಇನ್ನೊಬ್ಬ ಪಾದ್ರಿ ಇದನ್ನು ಓದುವುದೇ ಪಾಪ ಅಂತ ಕಿರುಹೊತ್ತಿಗೆಗಳನ್ನು ಬರೆದು ಹಂಚಿದ. ಓದಬೇಡಿ ಅಂತ ಚರ್ಚಿನಲ್ಲೇ ಹೇಳಿದ ಮೇಲೆ ಪುಸ್ತಕದ ಹೆಸರು ಯಾರಿಗೆ ತಾನೇ ಗೊತ್ತಾಗುವುದಿಲ್ಲ? ಪ್ರತಿಗಳು ಹಾಂಗ್‌ಕಾಂಗ್ ಮೂಲಕ ಕದ್ದುಮುಚ್ಚಿ ಬರುತ್ತಿದ್ದವು, ಒಂದು ಪ್ರತಿ ಎಷ್ಟೋ ಕೈ ಬದಲಾಗುತ್ತಿತ್ತು. ಮನೆಯಲ್ಲಿ ಸಿಕ್ಕರೆ ಜೈಲು.

ಆಂದ್ರೆಸ್ ಬೋನಿಫಾಸಿಯೊ ಹೆಸರು ಕೇಳಿರಬಹುದು. ಗೋದಾಮಿನಲ್ಲಿ ಕೆಲಸ ಮಾಡಿಕೊಂಡಿದ್ದ ಬಡವ, ಜಾಸ್ತಿ ಶಾಲೆ ಓದಿದವನಲ್ಲ, ಆದರೆ ತಾನೇ ಸ್ಪ್ಯಾನಿಷ್ ಕಲಿತು ರಿಸಾಲ್‌ನ ಎರಡೂ ಕಾದಂಬರಿ ಓದಿದ್ದ. ನಿಮ್ಮ ಪ್ರಶ್ನೆಯಲ್ಲಿರುವ ಗೋದಾಮಿನ ಕೂಲಿ ಅವನೇ. 1892ರ ಜುಲೈ 3ರಂದು ರಿಸಾಲ್ ಮನಿಲಾದಲ್ಲಿ ಲಿಗಾ ಫಿಲಿಪಿನಾ ಅನ್ನುವ ಶಾಂತಿಯುತ ಸಂಘ ಕಟ್ಟಿದ, ಬೋನಿಫಾಸಿಯೊ ಅದರ ಸದಸ್ಯನಾದ. ಕೆಲವೇ ದಿನಕ್ಕೆ ರಿಸಾಲ್‌ನನ್ನು ಹಿಡಿದು ದಪಿತಾನ್‌ಗೆ ಗಡಿಪಾರು ಮಾಡಿದರು. ಆ ಆದೇಶದಲ್ಲಿ ಕೊಟ್ಟ ಕಾರಣಗಳಲ್ಲಿ ಒಂದು, ಎರಡನೇ ಕಾದಂಬರಿಯ ಅರ್ಪಣೆ. ಅದನ್ನು ಅವನು 1872ರಲ್ಲಿ ಸ್ಪೇನ್ ಸರ್ಕಾರ ಕೊರಳು ಬಿಗಿದು ಕೊಂದ ಗೋಮೆಸ್, ಬುರ್ಗೋಸ್, ಸಮೋರಾ ಅನ್ನುವ ಮೂವರು ಪಾದ್ರಿಗಳಿಗೆ ಅರ್ಪಿಸಿದ್ದ. ಗಡಿಪಾರಿನ ಸುದ್ದಿ ಬಂದ ದಿನವೇ, ಜುಲೈ 7ರ ರಾತ್ರಿ, ಬೋನಿಫಾಸಿಯೊ ಮತ್ತು ಸ್ನೇಹಿತರು ಕತಿಪುನಾನ್ ಅನ್ನುವ ಗುಪ್ತ ಸಂಘಟನೆ ಶುರು ಮಾಡಿದರು. 1896ರ ದಂಗೆ ನಡೆಸಿದ್ದು ಅದೇ. ಅದರ ಮೇಲಿನ ದರ್ಜೆಯವರ ಸಂಕೇತಪದ ‘ರಿಸಾಲ್’!

ಕಾದಂಬರಿಪ್ರಿಯ, ನೀವು ಕೇಳಿದ್ದಕ್ಕೆ ಉತ್ತರ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಇಬಾರ್ರಾ ಶಾಲೆ ಕೇಳಿದ್ದಕ್ಕೆ ದಂಗೆಕೋರನಾದ. ರಿಸಾಲ್ ಸಂಘ ಕಟ್ಟಿದ್ದಕ್ಕೆ ಗಡಿಪಾರಾದ. ಕಥೆಯಲ್ಲಿ ಆದದ್ದೇ ಕಣ್ಣೆದುರಿಗೂ ಆದಾಗ ಬೋನಿಫಾಸಿಯೊ ಇನ್ಯಾವ ತೀರ್ಮಾನಕ್ಕೆ ಬರಬೇಕಿತ್ತು?

---

ಎದುರುಪ್ರಶ್ನೆ:

ಎಲ್ಲ ಓದಿದೆ, ಚೆನ್ನಾಗಿ ಬರೆದಿದ್ದೀರಿ. ಆದರೆ ಇನ್ನೊಂದು ಮಗ್ಗುಲನ್ನು ಯಾರೂ ಮುಟ್ಟಲಿಲ್ಲ.

1969ರಲ್ಲಿ ರೆನಾತೊ ಕೊನ್‌ಸ್ತಾಂತಿನೊ ಅನ್ನುವ ಫಿಲಿಪಿನೊ ಇತಿಹಾಸಕಾರ ಇದೇ ಪ್ರಶ್ನೆ ಎತ್ತಿದ. ಬೇರೆ ದೇಶಗಳಲ್ಲಿ ರಾಷ್ಟ್ರನಾಯಕ ಅಂದರೆ ಹೋರಾಟದ ಮುಂದೆ ನಿಂತವನು, ನಮ್ಮವನು ಹೋರಾಟವನ್ನೇ ಖಂಡಿಸಿದವನು ಅಂದ. 1898ರ ನಂತರ ಬಂದ ಅಮೆರಿಕನ್ ಆಡಳಿತಕ್ಕೆ ಬೋನಿಫಾಸಿಯೊಗಿಂತ ರಿಸಾಲ್ ಅನುಕೂಲವಾಗಿದ್ದ, ಕತ್ತಿ ಹಿಡಿದವನಿಗಿಂತ ಪೆನ್ನು ಹಿಡಿದವನ ಪ್ರತಿಮೆ ನಿಲ್ಲಿಸುವುದು ಅವರಿಗೆ ಸುಲಭ ಅನ್ನುವುದು ಅವನ ವಾದ. ಇದರಲ್ಲಿ ಹುರುಳಿದೆ. ಸ್ಪೇನ್ ಹೋದ ಮೇಲೆ ಆ ಜನಕ್ಕೆ ಸ್ವಾತಂತ್ರ್ಯವೇನೂ ಸಿಗಲಿಲ್ಲ, 1898ರ ಒಪ್ಪಂದದಲ್ಲಿ ಅಮೆರಿಕ 2 ಕೋಟಿ ಡಾಲರ್ ಕೊಟ್ಟು ಆ ದ್ವೀಪಗಳನ್ನು ತನ್ನದಾಗಿಸಿಕೊಂಡಿತು. ಆಮೇಲೆ ಶಾಲೆಗಳಲ್ಲಿ ರಿಸಾಲ್‌ನನ್ನು ಮೆರೆಸಿದ್ದು ಅದೇ ಅಮೆರಿಕನ್ ಸರ್ಕಾರ.

ಹಾಗಂತ ಕಾದಂಬರಿಗಳ ಬೆಲೆ ಕಡಿಮೆ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಬರೆದವನ ರಾಜಕೀಯ ಬೇರೆ, ಬರೆದದ್ದರ ಕೆಲಸ ಬೇರೆ ಅಂತ ಮಾತ್ರ ಹೇಳುತ್ತಿದ್ದೇನೆ. 1896ರ ಡಿಸೆಂಬರ್ 15ರ ಹೇಳಿಕೆಯಲ್ಲಿ ರಿಸಾಲ್ ದಂಗೆ ನಿಲ್ಲಿಸಿ ಅಂದದ್ದು ನಿಜ. ಆದರೆ ಅದೇ ಹೇಳಿಕೆಯಲ್ಲಿ ಜನರಿಗೆ ವಿದ್ಯೆ ಕೊಟ್ಟು ಸ್ವಾತಂತ್ರ್ಯಕ್ಕೆ ಯೋಗ್ಯರನ್ನಾಗಿ ಮಾಡಬೇಕು ಅಂತಲೂ ಬರೆದ. ಸ್ಪೇನ್ ಅಧಿಕಾರಿಗಳಿಗೆ ಅದೂ ಹಿಡಿಸಲಿಲ್ಲ, ಹೇಳಿಕೆಯನ್ನು ಪ್ರಕಟಿಸಲೇ ಇಲ್ಲ. ಡಿಸೆಂಬರ್ 30ರ ಬೆಳಿಗ್ಗೆ ಮನಿಲಾದ ಬಗುಂಬಯಾನ್ ಮೈದಾನದಲ್ಲಿ ಗುಂಡಿಟ್ಟು ಕೊಂದರು. 35 ವರ್ಷ ವಯಸ್ಸು. ಅವನು ದಂಗೆ ಬೇಡ ಅಂದರೂ ಕೊಂದರು ಅನ್ನುವುದು ಅನುಮಾನದಲ್ಲಿದ್ದ ಎಷ್ಟೋ ಜನರನ್ನು ದಂಗೆಯ ಕಡೆ ತಳ್ಳಿತು.

---

ಕಾದಂಬರಿಪ್ರಿಯ:

ಎಲ್ಲರಿಗೂ ತುಂಬಾ ಧನ್ಯವಾದ. ಕಲಾಂಬಾದ ರೈತರ ಹೆಸರಿನ ಸಾಲನ್ನು ನಾನು ಓದಿಯೂ ಅದು ನಿಜವಾದ ಜನ ಅಂತ ಗೊತ್ತಿರಲಿಲ್ಲ, ಈಗ ಮತ್ತೆ ತೆಗೆದು ಓದುತ್ತೇನೆ. ಎರಡು ಚಿಕ್ಕ ಪ್ರಶ್ನೆ. ಇಬಾರ್ರಾಗೆ ನೆರವಾಗುವ ಎಲಿಯಾಸ್ ಬಗ್ಗೆ ಯಾರೂ ಮಾತಾಡಲಿಲ್ಲ, ನನಗೆ ಇಡೀ ‘ನೋಲಿ’ಯಲ್ಲಿ ಅವನೇ ಹೆಚ್ಚು ಇಷ್ಟವಾದ. ಬಂಡಾಯದ ದನಿ ಅವನದೇ ಅಲ್ವಾ? ಇನ್ನೊಂದು, ಗೆಳೆಯರಿಗೆ ಓದಲು ಹೇಳಬೇಕು, ಯಾವ ಅನುವಾದ ಕೊಡಲಿ? ನಾನು ಓದಿದ್ದು ಹಳೆಯ ಇಂಗ್ಲಿಷ್, ಸ್ವಲ್ಪ ಗಡುಸು.

---

ನಿವೃತ್ತ ಇತಿಹಾಸ ಮೇಷ್ಟ್ರು:

ಎಲಿಯಾಸ್ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ದೋಣಿಯಲ್ಲಿ ಅವನೂ ಇಬಾರ್ರಾನೂ ಮಾತಾಡುವ ಅಧ್ಯಾಯ ಮತ್ತೊಮ್ಮೆ ನೋಡಿ. ಅಲ್ಲಿ ಎಲಿಯಾಸ್ ಕೇಳುವುದೂ ಸುಧಾರಣೆಯನ್ನೇ. ಸಿವಿಲ್ ಗಾರ್ಡ್ ಸಿಪಾಯಿಗಳ ಕೈ ಕಟ್ಟಿಹಾಕಿ, ಪಾದ್ರಿಗಳ ಅಧಿಕಾರ ಕಡಿಮೆ ಮಾಡಿ, ನೊಂದವರ ಪರವಾಗಿ ನೀನು ಮಾತಾಡು ಅನ್ನುತ್ತಾನೆ. ಅದಕ್ಕೆ ಇಬಾರ್ರಾ ಅವು ಬೇಕಾದ ಕೆಡುಕುಗಳು ಅಂತ ವಾದ ಮಾಡುತ್ತಾನೆ. ಇಬಾರ್ರಾ ಜೈಲು ಕಂಡು ತಪ್ಪಿಸಿಕೊಂಡ ಮೇಲೆ ಎಲ್ಲ ತಿರುಗುಮುರುಗು. ಈಗ ಇಬಾರ್ರಾ ರಕ್ತ ಹರಿಸುತ್ತೇನೆ ಅನ್ನುತ್ತಾನೆ, ಎಲಿಯಾಸ್ ಅಮಾಯಕರು ಸಾಯುತ್ತಾರೆ, ಯೋಚಿಸು ಅಂತ ತಡೆಯುತ್ತಾನೆ. ಎಲಿಯಾಸ್ ಮನೆತನ ಹಾಳಾಗಲು ಇಬಾರ್ರಾನ ಮುತ್ತಜ್ಜನೇ ಕಾರಣ ಅನ್ನುವುದು ಅಷ್ಟರಲ್ಲಿ ಅವನಿಗೆ ತಿಳಿದಿರುತ್ತದೆ. ಆದರೂ ಕೆರೆಗೆ ಹಾರಿ, ಗುಂಡು ತನ್ನ ಕಡೆ ಎಳೆದುಕೊಂಡು ಇಬಾರ್ರಾನನ್ನು ಉಳಿಸುತ್ತಾನೆ. ಹಾಗಾಗಿ ಬಂಡಾಯದ ದನಿ ಇವನದು, ಶಾಂತಿಯ ದನಿ ಅವನದು ಅಂತ ಹಂಚಲು ಆಗುವುದಿಲ್ಲ. ರಿಸಾಲ್ ಒಳಗೇ ಆ ಜಗಳ ನಡೆಯುತ್ತಿತ್ತು, ಅದನ್ನು ಮುಚ್ಚಿಡದೆ ಇಬ್ಬರ ಬಾಯಲ್ಲಿ ಆಡಿಸಿದ. ನನಗಂತೂ ಅವನ ಮೇಲೆ ಗೌರವ ಜಾಸ್ತಿಯಾಗಿದ್ದು ಇದರಿಂದ.

ಅನುವಾದದ ಮಾತು. ನೀವು ಓದಿದ್ದು ಬಹುಶಃ ಚಾರ್ಲ್ಸ್ ಡರ್ಬಿಶೈರ್ 1912ರಲ್ಲಿ ಮಾಡಿದ್ದು, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುವುದು ಅದೇ. ಭಾಷೆ ಹಳೆಯದು. ಸೊಲೆದಾದ್ ಲಾಕ್ಸನ್ ಲೊಕ್ಸಿನ್ ಅವರ ಅನುವಾದ ಮೂಲಕ್ಕೆ ಹತ್ತಿರ, ಅವರು ಸ್ಪ್ಯಾನಿಷ್ ಮಾತಾಡುತ್ತಲೇ ಬೆಳೆದವರು. ಸುಲಭವಾಗಿ ಓದಿಸಿಕೊಂಡು ಹೋಗಬೇಕು ಅಂದರೆ ಹೆರಾಲ್ಡ್ ಆಗನ್‌ಬ್ರಾಮ್ ಮಾಡಿದ ಪೆಂಗ್ವಿನ್ ಆವೃತ್ತಿ ಕೊಡಿ, 2006ರದ್ದು, ಟಿಪ್ಪಣಿಗಳೂ ಇವೆ.

ಗೆಳೆಯರು 63 ಅಧ್ಯಾಯ ಅಂತ ಹೆದರಿದರೆ, ಮೊದಲ ಔತಣದ ಅಧ್ಯಾಯಗಳಲ್ಲಿ ಹೆಸರುಗಳ ಗುಂಪು ಕಂಡು ಕೈಬಿಡಬೇಡಿ ಅಂತ ಹೇಳಿ. ಗಂಟೆ ಗೋಪುರದ ಹುಡುಗರವರೆಗೆ ಬಂದರೆ ಸಾಕು, ಮುಂದಿನದನ್ನು ಪುಸ್ತಕವೇ ಓದಿಸುತ್ತದೆ.

---

ತೀರ್ಥಹಳ್ಳಿ ಓದುಗಿ:

‘ಫಿಲಿ’ಯನ್ನು ‘ನೋಲಿ’ಗಿಂತ ಮೊದಲು ಓದಲು ಮಾತ್ರ ಬಿಡಬೇಡಿ. ‘ಫಿಲಿ’ಯಲ್ಲಿ ಬಸಿಲಿಯೊ ಮೆಡಿಕಲ್ ಓದುವ ಯುವಕ, ಕ್ರಿಸ್‌ಮಸ್ ಹಿಂದಿನ ರಾತ್ರಿ ಕಾಡಿಗೆ ಹೋಗಿ ಒಂದು ಸಮಾಧಿ ಮುಂದೆ ನಿಲ್ಲುತ್ತಾನೆ. ಅಲ್ಲಿ ಯಾರಿದ್ದಾರೆ ಅಂತ ಗೊತ್ತಿಲ್ಲದೆ ಓದಿದರೆ ಆ ಪುಟ ಬರೀ ಪುಟ.